ಚಿಕ್ಕಂದಿನ ನೆನಪು ಎಷ್ಟು ನಿಜ? ಮನೆಯಲ್ಲೇ ಪರೀಕ್ಷಿಸಿ ನೋಡುವ ಬಗೆ

ನನ್ನ ಮೊಟ್ಟಮೊದಲ ನೆನಪಿನಲ್ಲಿ ಒಂದು ಗೋಡೆ ಗಡಿಯಾರವಿದೆ. ಅಜ್ಜ ನನ್ನನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದಾರೆ. ಗಡಿಯಾರದ ಗಾಜಿನ ಬಾಗಿಲು ತೆರೆದಿದೆ. ಅವರು ಹಿತ್ತಾಳೆಯ ಕೀ ಹಾಕಿ ತಿರುಗಿಸುತ್ತಿದ್ದಾರೆ. ನನ್ನ ಕೈ ಅವರ ಕೈ ಮೇಲಿದೆ. ಒಳಗಿನಿಂದ ಕಟರ್ ಕಟರ್ ಎಂದು ಸದ್ದು ಬರುತ್ತಿದೆ. ಗಡಿಯಾರದ ಹಿಂದೆ ಹಸಿರು ಗೋಡೆ. ನಾನು ನೀಲಿ ಫ್ರಾಕ್ ಹಾಕಿದ್ದೇನೆ.

ಅಜ್ಜ ತೀರಿಕೊಂಡಾಗ ನನಗೆ 2 ವರ್ಷ 4 ತಿಂಗಳು. ಅಂದರೆ ಈ ನೆನಪು ಅದಕ್ಕೂ ಹಿಂದಿನದಾಗಿರಬೇಕು. ಎಷ್ಟೋ ವರ್ಷ ನಾನು ಇದನ್ನು ಒಂದಿಷ್ಟೂ ಅನುಮಾನಿಸಲಿಲ್ಲ. ಅಜ್ಜನಿಂದ ನನಗೆ ಉಳಿದದ್ದು ಇದೊಂದೇ ಆಗಿತ್ತು.

ಅನುಮಾನ ಹುಟ್ಟಿದ್ದು ನನ್ನ ಮಗಳಿಂದ. ಎರಡೂವರೆ ವರ್ಷದವಳಿದ್ದಾಗ ಅವಳಿಗೆ ಪಕ್ಕದ ಮನೆಯ ಬಿಳಿ ನಾಯಿ ಅಂದರೆ ಪ್ರಾಣ. ಆ ಮನೆಯವರು ನಾಯಿ ಸಮೇತ ಬೇರೆ ಕಡೆ ಹೋದಾಗ ಎರಡು ದಿನ ಅತ್ತಿದ್ದಳು. ಏಳನೇ ವರ್ಷದಲ್ಲಿ ಆ ನಾಯಿಯ ಹೆಸರು ಹೇಳಿದೆ. ಅವಳಿಗೆ ಏನೂ ಗೊತ್ತಾಗಲಿಲ್ಲ. ನಾಯಿಯೂ ಇಲ್ಲ, ಅಳುವೂ ಇಲ್ಲ, ಪಕ್ಕದ ಮನೆಯೂ ಇಲ್ಲ. ಅಷ್ಟು ಪ್ರೀತಿಸಿದ್ದೇ ಅವಳಲ್ಲಿ ಉಳಿದಿಲ್ಲ ಅಂದ ಮೇಲೆ, ನನ್ನ ಗಡಿಯಾರ ಹೇಗೆ ಉಳಿಯಿತು? ಆ ಪ್ರಶ್ನೆ ಹಿಡಿದು ಹೊರಟೆ. ನಾನು ಮಾಡಿದ ಕೆಲಸವನ್ನು, ಮಾಡಿದ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಇಂಥದ್ದೊಂದು ನೆನಪಿದ್ದರೆ ಇದೇ ದಾರಿಯಲ್ಲಿ ಹೋಗಬಹುದು.

ಮೊದಲು ಒಂದಿಷ್ಟು ಹಿನ್ನೆಲೆ. ಮೂರು, ಮೂರೂವರೆ ವರ್ಷಕ್ಕೆ ಮುಂಚಿನದು ದೊಡ್ಡವರಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಇದಕ್ಕೆ ಬಾಲ್ಯದ ಮರೆವು ಎನ್ನುತ್ತಾರೆ. ಪುಟ್ಟ ಮಕ್ಕಳಿಗೆ ನೆನಪೇ ಇರುವುದಿಲ್ಲ ಅಂತಲ್ಲ. ಎರಡು ವರ್ಷದ ಮಗು ಕಳೆದ ತಿಂಗಳ ಮಾತು ಹೇಳುತ್ತದೆ. ಆ ನೆನಪು ಮುಂದಕ್ಕೆ ಉಳಿಯುವುದಿಲ್ಲ, ಅಷ್ಟೇ. ನೆನಪು ಕಟ್ಟುವ ಕೆಲಸ ಮಾಡುವ, ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. 2014ರಲ್ಲಿ ಟೊರಾಂಟೋದ ಶೀನಾ ಜಾಸಲಿನ್ ಮತ್ತು ಪಾಲ್ ಫ್ರ್ಯಾಂಕ್‌ಲ್ಯಾಂಡ್ ಅವರ ಪ್ರಯೋಗಾಲಯದಲ್ಲಿ ಇಲಿಮರಿಗಳ ಮೆದುಳಿನ ಈ ಭಾಗದಲ್ಲಿ ಹೊಸ ಕೋಶಗಳು ಹುಟ್ಟುವುದನ್ನು ನಿಧಾನ ಮಾಡಿ ನೋಡಿದರು. ಆ ಮರಿಗಳಲ್ಲಿ ನೆನಪು ಜಾಸ್ತಿ ದಿನ ಉಳಿಯಿತು. ಹೊಸ ಕೋಶಗಳ ಭರಾಟೆಯಲ್ಲಿ ಹಳೆಯ ನೆನಪಿನ ಜೋಡಣೆ ಸಡಿಲವಾಗುತ್ತದೆ ಎಂಬುದು ಅವರ ವಿವರಣೆ.

ಹೀಗಿದ್ದರೂ, 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 6,641 ಜನರನ್ನು ಮೊದಲ ನೆನಪಿನ ಬಗ್ಗೆ ಕೇಳಿದಾಗ ಶೇಕಡಾ 38ಕ್ಕೂ ಹೆಚ್ಚು ಮಂದಿ ಎರಡು ವರ್ಷ ಅಥವಾ ಅದಕ್ಕೂ ಮುಂಚಿನ ನೆನಪು ಹೇಳಿದರು. 893 ಮಂದಿ ಒಂದು ವರ್ಷ ಅಥವಾ ಅದಕ್ಕೂ ಮುಂಚಿನದನ್ನು ಹೇಳಿದರು. ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನನ್ನ ಹಾಗೆಯೇ ನಂಬಿದ್ದರು.

ಯಾರನ್ನೂ ಕೇಳುವ ಮೊದಲು ಬರೆಯಿರಿ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಅಮ್ಮನಿಗೆ ಫೋನ್ ಮಾಡುವ ಮೊದಲು, ಆಲ್ಬಮ್ ತೆಗೆಯುವ ಮೊದಲು, ಒಂದು ನೋಟ್‌ಬುಕ್ ತೆಗೆದುಕೊಂಡು ಒಬ್ಬರೇ ಕುಳಿತು ಬರೆಯಿರಿ. ಮೇಲೆ ತಾರೀಖು ಹಾಕಿ. ಒಂದೇ ಸಲ ಬರೆಯಿರಿ. ಮತ್ತೆ ಮತ್ತೆ ಕಣ್ಣು ಮುಚ್ಚಿ, ಇನ್ನೇನಿತ್ತು, ಇನ್ನೇನಿತ್ತು ಎಂದು ಮನಸ್ಸನ್ನು ಹಿಂಡಬೇಡಿ. ಹಿಂಡಿದರೆ ಏನಾದರೂ ಬಂದೇ ಬರುತ್ತದೆ. ಅದು ನೆನಪೋ ಊಹೆಯೋ ಆಮೇಲೆ ನಿಮಗೇ ಹೇಳಲು ಆಗುವುದಿಲ್ಲ. ನಡೆಯದ ಒಂದು ಘಟನೆಯನ್ನು ಸುಮ್ನೆ ಕಲ್ಪಿಸಿಕೊಂಡರೂ ಸಾಕು, ಅದು ನಡೆದಿತ್ತೇನೋ ಎಂಬ ಭಾವನೆ ಜನರಲ್ಲಿ ಹೆಚ್ಚುತ್ತದೆ ಎಂದು 1996ರಲ್ಲೇ ತೋರಿಸಿದ್ದಾರೆ.

ಬರೆದ ಮೇಲೆ ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಮೈಗೆ ತಾಗುವುದು ಒಂದು ಬಗೆ. "ನನಗೆ ಗೊತ್ತು" ಅನ್ನುವಂಥದ್ದು ಇನ್ನೊಂದು ಬಗೆ. ಮನೆಯಲ್ಲಿ ಯಾರೋ ಹೇಳಿ ಕೇಳಿದ್ದು ಮೂರನೆಯದು. ನನ್ನ ಪುಟದಲ್ಲಿ ಹೀಗೆ ಬಂತು: ಕೀ ತಿರುಗುವ ಸದ್ದು ಕೇಳುತ್ತದೆ. ಕೈ ಮೇಲೆ ಕೈ ಇರುವುದು ತಿಳಿಯುತ್ತದೆ. ಹಸಿರು ಗೋಡೆ ಕಾಣುತ್ತದೆ. ಆದರೆ ಅಜ್ಜನ ಮುಖ? ಕಾಣುವುದಿಲ್ಲ. ಎತ್ತಿಕೊಂಡವರು ಅಜ್ಜ ಎಂದು ನನಗೆ "ಗೊತ್ತು", ಅಷ್ಟೇ. ಬರೆಯುವ ತನಕ ಈ ವ್ಯತ್ಯಾಸ ನನ್ನ ಗಮನಕ್ಕೇ ಬಂದಿರಲಿಲ್ಲ.

ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ನೆನಪಿನಲ್ಲಿ ನೀವು ನಿಮ್ಮ ಕಣ್ಣಿನಿಂದ ನೋಡುತ್ತಿದ್ದೀರಾ, ಅಥವಾ ಹೊರಗೆ ನಿಂತು ನಿಮ್ಮನ್ನೇ ನೋಡುತ್ತಿದ್ದೀರಾ? ನನಗೆ ನೀಲಿ ಫ್ರಾಕ್ ಹಾಕಿದ ಮಗು ಪೂರ್ತಿ ಕಾಣುತ್ತದೆ, ಕಾಲಿನ ತನಕ. ಯಾರದೋ ತೋಳಿನಲ್ಲಿ ಕುಳಿತ ಮಗುವಿಗೆ ತಾನು ಹಾಗೆ ಕಾಣಲು ಸಾಧ್ಯವೇ ಇಲ್ಲ. ಹಾಗೆಂದು ಹೊರಗಿನಿಂದ ಕಂಡದ್ದೆಲ್ಲ ಸುಳ್ಳು ಎಂದು ತೀರ್ಮಾನಿಸಬೇಡಿ. ನಿಜವಾಗಿ ನಡೆದದ್ದೂ ಕಾಲ ಕಳೆದ ಹಾಗೆ ಹೊರಗಿನ ನೋಟಕ್ಕೆ ತಿರುಗುತ್ತದೆ. ಆದರೆ ಆ ಚಿತ್ರ ಒಮ್ಮೆಯಾದರೂ ಮತ್ತೆ ಕಟ್ಟಿದ್ದು ಎಂಬುದಕ್ಕೆ ಅದು ಗುರುತು. ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ.

ಕಾಲ ಗೊತ್ತುಮಾಡುವುದು

"ನನಗೆ ಆಗ ಎರಡು ವರ್ಷ" ಎಂಬ ಮಾತನ್ನು ನಂಬಬೇಡಿ, ಅದು ನಿಮ್ಮದೇ ಮಾತಾದರೂ ಸರಿ. ವಯಸ್ಸು ನೆನಪಿನ ಒಳಗೆ ಬರೆದಿರುವುದಿಲ್ಲ. ನಾವು ಆಮೇಲೆ ಲೆಕ್ಕ ಹಾಕಿ ಅಂಟಿಸುತ್ತೇವೆ. ಕ್ಯಾರೊಲ್ ಪೀಟರ್ಸನ್ ಮತ್ತು ಅವರ ಜೊತೆಗಾರರು ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಮಾತಾಡಿಸಿದ್ದಾರೆ. ಅದೇ ಘಟನೆಯನ್ನು ಮಕ್ಕಳು ಬೆಳೆದ ಹಾಗೆ ಮುಂದಿನ ವಯಸ್ಸಿಗೆ ತಳ್ಳುತ್ತಾ ಹೋಗುತ್ತಾರೆ ಎಂದು ಅವರು ಕಂಡರು. ಹಾಗಾಗಿ ತಪ್ಪು ಎರಡೂ ಕಡೆಗೆ ಆಗಬಹುದು. ನಾಲ್ಕು ವರ್ಷದ್ದು ಎಂದುಕೊಂಡದ್ದು ಮೂರರದ್ದೂ ಆಗಿರಬಹುದು.

ಅದಕ್ಕೇ ನೆನಪಿನೊಳಗಿನ ವಸ್ತುಗಳನ್ನು ಹಿಡಿಯಿರಿ. ತಮ್ಮನೋ ತಂಗಿಯೋ ಆಗಲೇ ಹುಟ್ಟಿದ್ದರಾ? ಆ ಮನೆಯಲ್ಲಿ ಎಷ್ಟು ದಿನ ಇದ್ದಿರಿ? ಮಂಚ, ಪರದೆ, ಗೋಡೆಯ ಬಣ್ಣ ಯಾವಾಗಿನದು? ಬಣ್ಣ ನನಗೆ ತುಂಬ ಸಹಾಯ ಮಾಡಿತು. ಅಪ್ಪ ಮನೆ ಖರ್ಚಿನ ಲೆಕ್ಕವನ್ನು ಉದ್ದನೆಯ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಆ ಪುಸ್ತಕಗಳು ಇನ್ನೂ ಇವೆ. ಎರಡು ಸಂಜೆ ಕುಳಿತು ಹುಡುಕಿದೆ. ನಡುಮನೆಗೆ ಹಸಿರು ಬಣ್ಣ ಹೊಡೆಸಿದ ಖರ್ಚು ಸಿಕ್ಕಿತು. ಪಕ್ಕದಲ್ಲಿ ತಾರೀಖು. ಅಜ್ಜ ತೀರಿಕೊಂಡು ಎರಡು ವರ್ಷ ಕಳೆದಿತ್ತು. ನನಗೆ ಆಗ ನಾಲ್ಕು ವರ್ಷ ದಾಟಿತ್ತು. ಅಜ್ಜ ಇದ್ದ ಕಾಲದಲ್ಲಿ ಆ ಗೋಡೆ ಬಿಳಿ.

ಆ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿ ಎದ್ದುಬಿಟ್ಟೆ. ಅಜ್ಜನನ್ನು ಎರಡನೇ ಸಲ ಕಳೆದುಕೊಂಡ ಹಾಗೆ ಅನಿಸಿತು. ಆ ದಿನ ಅಲ್ಲಿಗೇ ನಿಲ್ಲಿಸಿದೆ. ನಿಮಗೂ ಹಾಗಾದರೆ ನಿಲ್ಲಿಸಿ. ಇದು ಒಂದೇ ದಿನದಲ್ಲಿ ಮುಗಿಸಬೇಕಾದ ಕೆಲಸವಲ್ಲ.

ಒಂದು ವಿವರ ತಪ್ಪಾದ ಕೂಡಲೇ ಇಡೀ ನೆನಪನ್ನು ಎಸೆಯಬಾರದು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನೆನಪಿನ ಮೇಲೆ ಜೀವಮಾನ ಕೆಲಸ ಮಾಡಿದ ಅಲ್ರಿಕ್ ನೈಸರ್ ಅವರಿಗೇ ಒಂದು ಗಟ್ಟಿ ನೆನಪಿತ್ತು. 1941ರ ಡಿಸೆಂಬರ್ 7ರಂದು ರೇಡಿಯೋದಲ್ಲಿ ಬೇಸ್‌ಬಾಲ್ ಆಟ ಕೇಳುತ್ತಿದ್ದಾಗ ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಬಂತು, ಎಂದು. ಎಷ್ಟೋ ವರ್ಷದ ಮೇಲೆ ಅವರಿಗೆ ಹೊಳೆಯಿತು: ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಇರುವುದೇ ಇಲ್ಲ! ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ದಿನ ಜೈಂಟ್ಸ್ ಮತ್ತು ಡಾಡ್ಜರ್ಸ್ ಎಂಬ ತಂಡಗಳ ಫುಟ್‌ಬಾಲ್ ಆಟ ರೇಡಿಯೋದಲ್ಲಿ ಬಂದಿತ್ತು ಎಂದು ಬೇರೆಯವರು ಹುಡುಕಿ ತೋರಿಸಿದರು. ಬೇಸ್‌ಬಾಲ್‌ನಲ್ಲೂ ಅದೇ ಹೆಸರಿನ ತಂಡಗಳಿದ್ದವು. ರೇಡಿಯೋ ನಿಜ, ಆಟ ನಿಜ, ಆಟದ ಹೆಸರು ಮಾತ್ರ ಅದಲುಬದಲು. ಅದನ್ನು ಓದಿದ ಮೇಲೆ ನಾನು ಮತ್ತೆ ಅಪ್ಪನ ಪುಸ್ತಕ ತೆಗೆದೆ. ಗೋಡೆ ತಪ್ಪೋ, ಅಜ್ಜ ತಪ್ಪೋ? ಅದಿನ್ನೂ ಗೊತ್ತಿರಲಿಲ್ಲ ಅಲ್ವಾ.

ಮನೆಯವರನ್ನು ಕೇಳುವ ಬಗೆ

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅಕ್ಕನಿಗೆ ಫೋನ್ ಮಾಡಿ, "ಅಜ್ಜ ನನ್ನನ್ನ ಎತ್ಕೊಂಡು ಗಡಿಯಾರಕ್ಕೆ ಕೀ ಕೊಡ್ತಿದ್ರು, ನೆನಪಿದೆಯಾ?" ಎಂದು ಕೇಳಿದೆ. ಹಾಗೆ ಕೇಳಲೇಬಾರದು. ಉತ್ತರವನ್ನು ಪ್ರಶ್ನೆಯ ಒಳಗೇ ಇಟ್ಟು ಕೊಟ್ಟ ಹಾಗಾಯಿತು.

ಮನೆಯವರ ಮಾತಿಗೆ ಎಷ್ಟು ಬಲ ಇದೆ ಎಂದು 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್‌ರೆಲ್ ತೋರಿಸಿದರು. 24 ಜನರಿಗೆ ಅವರ ಚಿಕ್ಕಂದಿನ ನಾಲ್ಕು ಘಟನೆಗಳನ್ನು ಬರೆದುಕೊಟ್ಟರು. ಮೂರು ನಿಜವಾದವು, ಮನೆಯವರಿಂದಲೇ ಕೇಳಿ ತಂದವು. ನಾಲ್ಕನೆಯದು ಕಟ್ಟಿದ್ದು: ಐದು ವರ್ಷದ ಆಸುಪಾಸಿನಲ್ಲಿ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋದದ್ದು. ಸುಮಾರು ಕಾಲು ಭಾಗ ಜನ ಆ ನಡೆಯದ ಘಟನೆಯನ್ನೂ ಪೂರ್ತಿಯಾಗಿ ಅಥವಾ ಅರ್ಧಂಬರ್ಧ "ನೆನಪಿಸಿಕೊಂಡರು". ಎಲ್ಲರೂ ಅಲ್ಲ, ಗಮನಿಸಿ. ಮುಕ್ಕಾಲು ಭಾಗ ಜನ ಒಪ್ಪಲಿಲ್ಲ. ಆದರೆ ಕಾಲು ಭಾಗ ಕಡಿಮೆಯೇನಲ್ಲ.

ಮಕ್ಕಳ ಬುದ್ಧಿ ಬೆಳೆಯುವುದರ ಬಗ್ಗೆ ದೊಡ್ಡ ಕೆಲಸ ಮಾಡಿದ ಜೀನ್ ಪಿಯಾಜೆ ಅವರ ಮಾತನ್ನೂ ಇಲ್ಲಿ ಹೇಳಬೇಕು. ತಾನು ಎರಡು ವರ್ಷದವನಿದ್ದಾಗ ಪ್ಯಾರಿಸ್‌ನ ಬೀದಿಯಲ್ಲಿ ಯಾರೋ ತನ್ನನ್ನು ತಳ್ಳುಗಾಡಿಯಿಂದ ಎತ್ತಿಕೊಂಡು ಹೋಗಲು ಬಂದದ್ದು, ನೋಡಿಕೊಳ್ಳುತ್ತಿದ್ದ ದಾದಿ ಹೋರಾಡಿ ಉಳಿಸಿದ್ದು, ಅವಳ ಮುಖದ ಮೇಲಿನ ಗೀರುಗಳು, ಎಲ್ಲವೂ ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಸುಮಾರು ಹದಿನೈದನೇ ವಯಸ್ಸಿನಲ್ಲಿ ಆ ದಾದಿಯಿಂದ ಪತ್ರ ಬಂತು. ಅದೆಲ್ಲ ಕಟ್ಟುಕಥೆ ಎಂದು ಒಪ್ಪಿಕೊಂಡು, ಬಹುಮಾನವಾಗಿ ಕೊಟ್ಟಿದ್ದ ಕೈಗಡಿಯಾರವನ್ನು ವಾಪಸ್ ಕಳಿಸಿದ್ದಳು. ಮನೆಯವರು ನಂಬಿ ಹೇಳಿದ್ದನ್ನು ಮಗು ಕೇಳಿತು. ಕೇಳಿದ್ದು ಚಿತ್ರವಾಯಿತು. ಯಾರೂ ಕೆಟ್ಟ ಉದ್ದೇಶದಿಂದ ಮಗುವಿನ ತಲೆಯಲ್ಲಿ ಏನನ್ನೂ ತುಂಬಿರಲಿಲ್ಲ.

ಹಾಗಾಗಿ ಪ್ರಶ್ನೆಯನ್ನು ಬಾಗಿಲು ತೆರೆದಿಟ್ಟ ಹಾಗೆ ಕೇಳಿ. "ಅಮ್ಮ, ಆ ಮನೆಯಲ್ಲಿ ಗಡಿಯಾರ ಇತ್ತಾ? ಅದರ ಬಗ್ಗೆ ಹೇಳು." ಇಷ್ಟೇ. ಆಮೇಲೆ ಸುಮ್ಮನಿರಿ. ಸುಮ್ಮನಿರುವುದು ಕಷ್ಟ. ನಡುವೆ "ಹೌದು ಹೌದು" ಎಂದು ತಲೆ ಆಡಿಸಿದರೂ ಎದುರಿನವರ ಮಾತು ಆ ಕಡೆಗೇ ತಿರುಗುತ್ತದೆ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲರೂ ಒಟ್ಟಿಗೆ ಕುಳಿತರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರದೂ ಆಗುತ್ತದೆ. ಒಪ್ಪಿಗೆ ಕೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾಳೆ ಅವರು ಏನು ಹೇಳಿದರು ಎಂಬುದನ್ನೂ ನೀವು ಬದಲಾಯಿಸಿ ನೆನಪಿಟ್ಟುಕೊಂಡಿರುತ್ತೀರಿ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನ್ನ ತಪ್ಪು ಪ್ರಶ್ನೆಗೆ ಅವಳು ಒಂದು ಕ್ಷಣ ತಡೆದು, "ನಿನ್ನನ್ನಲ್ಲ ಕಣೇ, ನನ್ನನ್ನ. ಎಷ್ಟು ಸಲ ಹೇಳಿದ್ದೆ ನಿನಗೆ, ಮಲಗೋವಾಗ," ಅಂದಳು. ಅವಳ ಗೋಡೆ ಬಿಳಿಯದು. ಅಜ್ಜ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ನೆನಪು ಉಳಿಯುವಂಥ ವಯಸ್ಸು ಅವಳದು.

ಒಂದೇ ನೆನಪಿಗೆ ಇಬ್ಬರು ಹಕ್ಕುದಾರರು ಇರುವುದು ಅಪರೂಪವೇನಲ್ಲ. 2001ರಲ್ಲಿ ಮರ್ಸಿಡಿಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರೂಬಿನ್ ಅವಳಿಜವಳಿಗಳಲ್ಲಿ ಇದನ್ನು ಕಂಡು ಬರೆದರು. ಒಂದೇ ಘಟನೆ, ಇಬ್ಬರೂ "ಅದು ನನಗೆ ಆದದ್ದು" ಎನ್ನುತ್ತಾರೆ. ಹಿಂದೆಮುಂದೆ ಹುಟ್ಟಿದ ಒಡಹುಟ್ಟಿದವರಲ್ಲೂ ಹೀಗಾಗುತ್ತದೆ. ಜಗಳಕ್ಕೆ ಇಳಿಯಬೇಡಿ. ಇಬ್ಬರ ಮಾತನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆಯಿರಿ. ಯಾವ ವಿವರ ಒಬ್ಬರಲ್ಲಿ ಮಾತ್ರ ಇದೆ ಎಂದು ನೋಡಿ. ಅಕ್ಕನ ಮಾತಿನಲ್ಲಿ ಅಜ್ಜ ಕೀ ತಿರುಗಿಸುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದರು, ಹದಿನಾಲ್ಕರ ತನಕ. ನನ್ನಲ್ಲಿ ಎಣಿಕೆಯೇ ಇಲ್ಲ. ನನ್ನಲ್ಲಿ ಕೈ ಮೇಲೆ ಕೈ ಇದೆ. ಅವಳಲ್ಲಿ ಅದಿಲ್ಲ. ಅವಳು ಸುಮ್ಮನೆ ಅಜ್ಜನ ಕೊರಳು ಹಿಡಿದುಕೊಂಡಿರುತ್ತಿದ್ದಳಂತೆ. ಅಂದರೆ ನಾನು ಅವಳ ಕಥೆಯನ್ನು ಹಾಗೇ ಎತ್ತಿಕೊಂಡಿಲ್ಲ. ನನ್ನ ಹತ್ತಿರ ಬೇರೆ ಏನೋ ಇದೆ.

ಫೋಟೋಗಳನ್ನು ಕೊನೆಗೆ ನೋಡಿ

ಆಲ್ಬಮ್ ಎಂದರೆ ಸಾಕ್ಷಿ ಎಂದು ನಮಗೆ ಅನಿಸುತ್ತದೆ. ಫೋಟೋ ಸಾಕ್ಷಿಯೂ ಹೌದು, ನೆನಪನ್ನು ಕಟ್ಟಿಕೊಡುವ ಸಾಮಾನೂ ಹೌದು. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಜೊತೆಗಾರರು 20 ಜನರಿಗೆ ಅವರ ಬಾಲ್ಯದ ಫೋಟೋವನ್ನು ಬಿಸಿಗಾಳಿ ಬಲೂನಿನ ಬುಟ್ಟಿಯಲ್ಲಿ ಸೇರಿಸಿ ತೋರಿಸಿದರು. ಅವರಲ್ಲಿ ಯಾರೂ ಬಲೂನು ಹತ್ತಿರಲಿಲ್ಲ. ಮೂರು ಸಲ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಜನ ಆ ಪ್ರಯಾಣದ ಬಗ್ಗೆ ಏನಾದರೊಂದು ನೆನಪು ಹೇಳಿದರು. ಅದು ತಿದ್ದಿದ ಚಿತ್ರ. ಆದರೆ ತಿದ್ದದ, ನಿಜವಾದ ಫೋಟೋವೂ ಇದೇ ಕೆಲಸ ಮಾಡಬಲ್ಲದು. ಚಿಕ್ಕಂದಿನಲ್ಲಿ ನೂರು ಸಲ ನೋಡಿದ ಚಿತ್ರದ ಬಟ್ಟೆ ಮೆಲ್ಲಗೆ ನೆನಪಿನ ಒಳಗೆ ಬಂದು ಕೂರುತ್ತದೆ.

ನನ್ನ ನೀಲಿ ಫ್ರಾಕ್ ಹೀಗೇ ಬಂದದ್ದು. ಅಜ್ಜ ನನ್ನನ್ನು ಎತ್ತಿಕೊಂಡು ಮನೆಯ ಬಾಗಿಲಲ್ಲಿ ನಿಂತ ಒಂದೇ ಒಂದು ಬಣ್ಣದ ಫೋಟೋ ಇದೆ. ಅದರಲ್ಲಿ ನೀಲಿ ಫ್ರಾಕ್ ಇದೆ, ಎಡಗೈ ಇದೆ. ಗಡಿಯಾರ ಇಲ್ಲ. ನೋಟ್‌ಬುಕ್‌ನಲ್ಲಿ ಬರೆದಿದ್ದ ಪುಟವನ್ನು ಫೋಟೋ ಪಕ್ಕ ಇಟ್ಟು ನೋಡಿದೆ. ಹೊರಗಿನಿಂದ ಕಾಣುತ್ತಿದ್ದ ಎಲ್ಲ ವಿವರವೂ ಫೋಟೋದಲ್ಲಿತ್ತು. ಒಳಗಿನಿಂದ ತಿಳಿಯುತ್ತಿದ್ದ ಯಾವುದೂ ಅದರಲ್ಲಿರಲಿಲ್ಲ. ಮೊದಲೇ ಬರೆದಿಡದಿದ್ದರೆ ಇದನ್ನು ಬಿಡಿಸಿ ನೋಡಲು ನನಗೆ ಆಗುತ್ತಲೇ ಇರಲಿಲ್ಲ. ಫೋಟೋದ ಹಿಂಬದಿಯನ್ನೂ ನೋಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ತಾರೀಖು ಅಲ್ಲಿ ಇರುವುದುಂಟು.

ಇದನ್ನು ಮಾಡಬಾರದ ಸಂದರ್ಭ

ನೆನಪು ನೋವಿನದಾಗಿದ್ದರೆ, ಯಾರೋ ನಿಮಗೆ ಕೆಡುಕು ಮಾಡಿದ್ದರ ಬಗ್ಗೆ ಇದ್ದರೆ, ಈ ವಿಧಾನವನ್ನು ದಯವಿಟ್ಟು ಒಬ್ಬರೇ ಮಾಡಬೇಡಿ. ಮನೆಯವರನ್ನು ಕೂರಿಸಿ ಸಾಕ್ಷಿ ಕೇಳುವುದೂ ಬೇಡ. ಗೋಡೆಯ ಬಣ್ಣ ತಪ್ಪಿದ್ದರಿಂದ ಘಟನೆಯೇ ನಡೆದಿಲ್ಲ ಎಂದಾಗುವುದಿಲ್ಲ. ಸಾಕ್ಷಿ ಸಿಗಲಿಲ್ಲ ಎಂದರೆ ಸುಳ್ಳು ಎಂದೂ ಅಲ್ಲ. ತರಬೇತಿ ಇರುವ ಆಪ್ತಸಮಾಲೋಚಕರ ಹತ್ತಿರ ಹೋಗಿ. ಅವರು ನಿಮ್ಮ ಮಾತನ್ನು ಕೇಳಬೇಕು. ನಿಮಗೆ ಹೀಗೇ ಆಗಿರಬೇಕು ಎಂದು ಅವರೇ ಹೇಳತೊಡಗಿದರೆ, ಅಥವಾ ಸಂಮೋಹನ ಮಾಡಿ ಮರೆತ ನೆನಪನ್ನು ಹೊರತೆಗೆಯುತ್ತೇನೆ ಎಂದರೆ, ಎದ್ದು ಬನ್ನಿ. ಸಂಮೋಹನದಲ್ಲಿ ನೆನಪು ಹೆಚ್ಚು ನಿಖರ ಆಗುವುದಿಲ್ಲ. ಅದರ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ.

ಮಕ್ಕಳಿದ್ದರೆ ಇನ್ನೊಂದು ಕೆಲಸ

ಮಗುವಿಗೆ ಈಗ ಮೂರೋ ನಾಲ್ಕೋ ವರ್ಷವಾಗಿದ್ದರೆ ಅದರ ಮಾತನ್ನು ಈಗಲೇ ಬರೆದಿಡಿ. ನಿಮ್ಮ ಮಾತಲ್ಲ, ಮಗುವಿನ ಮಾತು, ಅದು ಹೇಳಿದ ಹಾಗೆಯೇ. ಪೆಟ್ರೀಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ ಮೂರು ವರ್ಷದ ಮಕ್ಕಳ ಹತ್ತಿರ ಅವರ ಜೀವನದ ಘಟನೆಗಳನ್ನು ಮಾತಾಡಿಸಿ, ವರ್ಷಗಳ ನಂತರ ಮತ್ತೆ ಕೇಳಿದರು. 2014ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಐದರಿಂದ ಏಳು ವರ್ಷದಲ್ಲಿ ಕೇಳಿದಾಗ ಮಕ್ಕಳಿಗೆ ಶೇಕಡಾ 60ಕ್ಕೂ ಹೆಚ್ಚು ಘಟನೆಗಳು ನೆನಪಿದ್ದವು. ಎಂಟು, ಒಂಬತ್ತು ವರ್ಷದಲ್ಲಿ ಕೇಳಿದಾಗ ಅದು ಶೇಕಡಾ 35ರ ಆಸುಪಾಸಿಗೆ ಇಳಿದಿತ್ತು. ಮರೆವು ಆ ನಡುವೆ ನಡೆಯುತ್ತದೆ, ನಮ್ಮ ಕಣ್ಣೆದುರಿಗೇ. ಮಗುವನ್ನು ಮಾತಾಡಿಸುವಾಗಲೂ ಅದೇ ತೆರೆದ ಪ್ರಶ್ನೆ: "ಆಮೇಲೆ ಏನಾಯ್ತು?" ನನ್ನ ಮಗಳ ನಾಯಿಯ ಬಗ್ಗೆ ಅವಳದೇ ಮಾತಿನ ಒಂದು ಸಾಲೂ ನನ್ನ ಹತ್ತಿರ ಇಲ್ಲ. ಅದು ನನಗೆ ಈಗಲೂ ಬೇಸರ.

ಗಡಿಯಾರದ ಪುಟ

ಕೊನೆಗೆ ಪ್ರತಿ ಸಾಲಿನ ಮುಂದೆ ಒಂದು ಮಾತು ಬರೆಯಿರಿ. ಬೇರೆ ಕಡೆಯಿಂದ ಗಟ್ಟಿಯಾದದ್ದು, ಬೇರೆ ಕಡೆಯಿಂದ ಬಂದು ಸೇರಿದ್ದು, ಗೊತ್ತಿಲ್ಲದ್ದು. ಮೂರನೆಯ ಗುಂಪು ದೊಡ್ಡದಿರುತ್ತದೆ. ಇರಲಿ. ನೆನಪು ಎಷ್ಟು ಸ್ಪಷ್ಟವಾಗಿದೆ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಪಿಯಾಜೆಯವರದ್ದು ಕೂಡ ಸ್ಪಷ್ಟವಾಗಿಯೇ ಇತ್ತು.

ನನ್ನ ಪುಟದಲ್ಲಿ ಕೈ ಮೇಲೆ ಕೈ ಎಂಬ ಸಾಲು "ಗೊತ್ತಿಲ್ಲ" ಎಂದೇ ಉಳಿದಿತ್ತು. ಅಮ್ಮನ ರೆಕಾರ್ಡಿಂಗನ್ನು ಮತ್ತೊಮ್ಮೆ ಕೇಳುತ್ತಿದ್ದಾಗ, ಮೊದಲು ಕಿವಿಗೆ ಬಿದ್ದೂ ಬೀಳದ ಒಂದು ಮಾತು ಸಿಕ್ಕಿತು. "ಮಾವ ಹೋದ ಮೇಲೆ ನಿಮ್ಮಪ್ಪನೇ ಕೀ ಕೊಡ್ತಿದ್ರು, ಭಾನುವಾರ ಭಾನುವಾರ."

ಅಪ್ಪನ ಹತ್ತಿರ ಹೋಗಿ ಕೇಳಿದೆ. ಈ ಸಲ ಸರಿಯಾಗಿ ಕೇಳಿದೆ. "ಅಪ್ಪ, ನೀವು ಗಡಿಯಾರಕ್ಕೆ ಕೀ ಕೊಡ್ತಿದ್ದದ್ದು ಹೇಗೆ?" ಅಷ್ಟೇ ಅಂದು ಸುಮ್ಮನಾದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎಡಗೈಯನ್ನು ಮಡಚಿ ಎದೆಗೆ ಹತ್ತಿರ ಹಿಡಿದರು. ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿದರು. "ನೀನು ಬಿಡ್ತಿರಲಿಲ್ಲ, ನಾನೂ ಕೊಡ್ತೀನಿ ಅಂತ ಹಟ. ಕೀ ಗಟ್ಟಿ ಇತ್ತು, ನಿನ್ನ ಕೈಯಲ್ಲಿ ಎಲ್ಲಾಗುತ್ತೆ? ನನ್ನ ಕೈ ಮೇಲೆ ನಿನ್ನ ಕೈ ಇಟ್ಕೊಂಡು ತಿರುಗಿಸ್ತಿದ್ದೆ," ಅಂದರು.

ನೋಟ್‌ಬುಕ್ಕಿನ ಆ ಪುಟವನ್ನು ನಾನು ಅಪ್ಪನಿಗೆ ಅಲ್ಲಿಯ ತನಕ ತೋರಿಸಿರಲಿಲ್ಲ. ಆಗ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅಜ್ಜ" ಎಂದು ಬರೆದಿದ್ದ ಜಾಗದ ಮೇಲೆ ಬೆರಳಿಟ್ಟು, ಪೆನ್ಸಿಲ್ ಕೇಳಿದರು.